ತ್ಸುಶಿಮಾದ ಜಿನ್ ಸಕಾಯಿ: ಕಥಾನಾಯಕನೋ, ವೀರನೋ?



ಕನ್ನಡದಲ್ಲಿ ‘ಕಥಾನಾಯಕ’ ಎಂಬ ಮಾತಿಗೂ ‘ವೀರ’ ಎಂಬ ಮಾತಿಗೂ ಅಂತರವಿದೆ. ಕಥೆಯನ್ನು ಮುನ್ನಡೆಸುವವನು ಕಥಾನಾಯಕ. ಅವನು ಸಜ್ಜನನೇ ಆಗಿರಬೇಕೆಂಬ ನಿಯಮವಿಲ್ಲ. ವೀರನೆನಿಸಿಕೊಳ್ಳಲು ಊರಿನ ಒಪ್ಪಿಗೆ ಬೇಕು. ತುರುಗಳನ್ನು ಬಿಡಿಸಲು ಹೋಗಿ ಮಡಿದವನ ನೆನಪಿಗೆ ನಮ್ಮ ಪೂರ್ವಜರು ನಿಲ್ಲಿಸಿದ ವೀರಗಲ್ಲು ಅಂತಹ ಒಪ್ಪಿಗೆಯ ಗುರುತು. ‘ಹೀರೋ’ ಎಂಬ ಪದ ಈ ಎರಡೂ ಅರ್ಥಗಳನ್ನು ಒಟ್ಟಿಗೆ ಹೊತ್ತುಕೊಂಡಿದೆ. ಆದುದರಿಂದ ನಮ್ಮ ಮನೆಗಳಲ್ಲಿ ವಿಡಿಯೋ ಗೇಮ್ ಆಡುವ ಮಕ್ಕಳು ಪರದೆಯ ಮೇಲಿನ ಪಾತ್ರವನ್ನು ತೋರಿಸಿ ‘ಇವನೇ ಹೀರೋ’ ಎಂದಾಗ, ಅವರು ಯಾವ ಅರ್ಥದಲ್ಲಿ ಹಾಗೆನ್ನುತ್ತಿದ್ದಾರೆಂದು ಕೇಳುವುದು ಉಚಿತವೇ ಸರಿ. ಈ ಬಾರಿಯ ಲೇಖನದಲ್ಲಿ ನಾವು ಅಂತಹ ಒಂದು ಪಾತ್ರವನ್ನು ಇತಿಹಾಸದ ಬೆಳಕಿನಲ್ಲಿ ಪರಿಶೀಲಿಸಲಿದ್ದೇವೆ. ಕಥೆಯ ಕೊನೆಯನ್ನೂ ಹೇಳಬೇಕಾಗಿರುವುದರಿಂದ, ಆಟವನ್ನು ಇನ್ನೂ ಮುಗಿಸದವರು ಕ್ಷಮಿಸಬೇಕು.

ಅಮೆರಿಕದ ವಾಷಿಂಗ್ಟನ್ ರಾಜ್ಯದ ಸಕರ್ ಪಂಚ್ ಸಂಸ್ಥೆ ರೂಪಿಸಿದ ‘ಘೋಸ್ಟ್ ಆಫ್ ತ್ಸುಶಿಮಾ’ 2020ರ ಜುಲೈಯಲ್ಲಿ ಬಿಡುಗಡೆಯಾಯಿತು. ಕಥೆ ನಡೆಯುವುದು 1274ರಲ್ಲಿ, ಜಪಾನಿನ ಕ್ಯೂಶೂ ದ್ವೀಪಕ್ಕೂ ಕೊರಿಯಕ್ಕೂ ನಡುವೆ ಇರುವ ತ್ಸುಶಿಮಾ ದ್ವೀಪದಲ್ಲಿ. ಮಂಗೋಲರ ನೌಕಾಪಡೆ ಬಂದಿಳಿಯುತ್ತದೆ. ಕೊಮೊದಾ ಕಡಲತೀರದಲ್ಲಿ 80 ಮಂದಿ ಸಮುರಾಯಿಗಳು ಎದುರಿಸಿ ನಾಶವಾಗುತ್ತಾರೆ. ಬದುಕುಳಿದ ಯುವಕ ಜಿನ್ ಸಕಾಯಿಯನ್ನು ಯುನಾ ಎಂಬ ಕಳ್ಳಿ ಕಾಪಾಡುತ್ತಾಳೆ. ಅವನನ್ನು ಸಾಕಿ ಬೆಳೆಸಿದವನು ದ್ವೀಪದ ಒಡೆಯನಾದ ಶಿಮುರಾ. ಶತ್ರುವಿನ ಕಣ್ಣಲ್ಲಿ ಕಣ್ಣಿಟ್ಟು ಹೋರಾಡಬೇಕು, ಹಿಂದಿನಿಂದ ಇರಿಯಬಾರದು ಎಂದು ಕಲಿಸಿದವನೂ ಅವನೇ. ಆದರೆ ಆ ಮಾರ್ಗದಲ್ಲಿ ದ್ವೀಪ ಉಳಿಯದೆಂದು ಕಂಡುಕೊಂಡ ಜಿನ್ ಕತ್ತಲಲ್ಲಿ ಅಡಗಿ ಕೊಲ್ಲುವ ‘ಭೂತ’ವಾಗುತ್ತಾನೆ. ಇಲ್ಲಿ ಆಟ ಒಂದು ಪ್ರಶ್ನೆಯನ್ನು ಮುಂದಿಡುತ್ತದೆ: ಧರ್ಮವನ್ನು ಮುರಿದು ಜನರನ್ನು ಉಳಿಸಿದವನು ವೀರನೇ?

ಮೊದಲು ಇತಿಹಾಸವನ್ನು ನೋಡೋಣ. 1274ರ ನವೆಂಬರ್‌ನಲ್ಲಿ ಕುಬ್ಲಾಯಿ ಖಾನನ ಪಡೆ ತ್ಸುಶಿಮಾದ ಮೇಲೆರಗಿದ್ದು ನಿಜ. ಸೋ ಸುಕೆಕುನಿ ಎಂಬವನು ಸುಮಾರು 80 ಸವಾರರೊಡನೆ ಎದುರಿಸಿ ಮಡಿದನೆಂದು ಮಧ್ಯಯುಗದ ಜಪಾನೀ ಬರಹವೊಂದು ಹೇಳುತ್ತದೆ. ಆಟದ 80 ಮಂದಿ ಬಂದದ್ದು ಅಲ್ಲಿಂದ. ಜಿನ್, ಶಿಮುರಾ, ಯುನಾ, ಮಂಗೋಲ ನಾಯಕ ಖೊತುನ್ ಖಾನ್ ಇವರೆಲ್ಲರೂ ಕಲ್ಪಿತರು. ನಿಜವಾದ ತ್ಸುಶಿಮಾವನ್ನು ಯಾವ ಭೂತವೂ ಉಳಿಸಲಿಲ್ಲ. ದ್ವೀಪ ಬಿದ್ದಿತು, ಮುಂದೆ ಇಕಿ ದ್ವೀಪವೂ ಬಿದ್ದಿತು. ಆ ದಂಡಯಾತ್ರೆಯಿಂದ ಮರಳಿದ ಸೇನೆ, ಸೆರೆಹಿಡಿದು ತಂದ ಸುಮಾರು 200 ಹುಡುಗ ಹುಡುಗಿಯರನ್ನು ಕೊರಿಯದ ರಾಜನಿಗೂ ರಾಣಿಗೂ ಒಪ್ಪಿಸಿತೆಂದು ಕೊರಿಯದ ಇತಿಹಾಸಗ್ರಂಥ ದಾಖಲಿಸುತ್ತದೆ. ಆ ಕೊರಿಯವೂ ಮಂಗೋಲರಿಗೆ ಸೋತ ನಾಡೇ. ದಂಡಯಾತ್ರೆಗೆ ಬೇಕಾದ ನೂರಾರು ಹಡಗುಗಳನ್ನು ಅಲ್ಲಿನ ಜನ ಬಲವಂತಕ್ಕೆ ಒಳಗಾಗಿ ಕಟ್ಟಿದ್ದರು, ಸಾವಿರಾರು ಸೈನಿಕರನ್ನೂ ಅಂಬಿಗರನ್ನೂ ಒದಗಿಸಿದ್ದರು. ಈ ಸಂಕಟ ಆಟದ ಕಥೆಯಲ್ಲಿ ಕಾಣಿಸಿಕೊಳ್ಳುವುದಿಲ್ಲ.

ಇನ್ನು ಶಿಮುರಾ ಪಾಠ ಹೇಳುವ ಆ ಧರ್ಮದ ವಿಚಾರ. ಎದುರೆದುರಾಗಿಯೇ ಹೋರಾಡಬೇಕೆಂಬ ಕಟ್ಟಳೆ 1274ರ ಸಮುರಾಯಿಗಳನ್ನು ಹೀಗೆ ಬಿಗಿದಿತ್ತೇ? ಅವರ ಹಿರಿಯರ ಯುದ್ಧಗಳು ಬೇರೆಯೇ ಮಾತು ಹೇಳುತ್ತವೆ. 1156ರ ಹೋಗೆನ್ ಕಲಹ ತೀರ್ಮಾನವಾದದ್ದು ಅರಮನೆಯ ಮೇಲೆ ರಾತ್ರಿ ನಡೆಸಿದ ದಾಳಿಯಿಂದ. 1184ರಲ್ಲಿ ಇಚಿನೊತಾನಿಯಲ್ಲಿ ಮಿನಮೋತೊ ಯೊಶಿತ್ಸುನೆ ಕಡಿದಾದ ಬೆಟ್ಟವನ್ನಿಳಿದು ಶತ್ರುವಿನ ಬೆನ್ನಮೇಲೆ ಬಿದ್ದನೆಂಬ ಕಥೆಯನ್ನು ಜಪಾನೀಯರು ಇಂದಿಗೂ ಅಭಿಮಾನದಿಂದ ಹೇಳುತ್ತಾರೆ.

ಮಂಗೋಲರೊಡನೆ ಹೋರಾಡಿದ ಒಬ್ಬ ಸಮುರಾಯಿಯ ಸ್ವಂತ ಸಾಕ್ಷ್ಯವೂ ನಮಗೆ ಉಳಿದುಬಂದಿದೆ. ಅವನು ಹಿಗೊ ಪ್ರಾಂತ್ಯದ ತಕೆಜಾಕಿ ಸುಯೆನಾಗ. 1274ರಲ್ಲಿ ಹಕಾತದ ಬಳಿ ಬೆರಳೆಣಿಕೆಯ ಸಂಗಡಿಗರೊಡನೆ ಎಲ್ಲರಿಗಿಂತ ಮೊದಲು ಮುನ್ನುಗ್ಗಿದವನು. ಅದಕ್ಕೆ ಬಹುಮಾನ ಸಿಗದೆ ಹೋದಾಗ, ಮರುವರ್ಷ ಕುದುರೆಯನ್ನೂ ಜೀನನ್ನೂ ಮಾರಿ, ಆ ಹಣದಲ್ಲಿ ದೂರದ ಕಾಮಾಕುರಕ್ಕೆ ಪ್ರಯಾಣ ಮಾಡಿ, ಅಧಿಕಾರಿಗಳೆದುರು ವಾದಿಸಿ ಭೂಮಿಯ ಹಕ್ಕನ್ನು ಪಡೆದನು. 1281ರ ಎರಡನೆಯ ದಾಳಿಯಲ್ಲಿ ಹಡಗು ಸಿಗದಾಗ, ಗುಪ್ತ ಆಜ್ಞೆಯಿದೆಯೆಂದು ಸುಳ್ಳು ಹೇಳಿ ಬೇರೆಯವರ ದೋಣಿಯನ್ನೇರಿದನು. ಶಿರಸ್ತ್ರಾಣವಿಲ್ಲದೆ ಕಾಲಿನ ಕವಚವನ್ನೇ ತಲೆಗೆ ಕಟ್ಟಿಕೊಂಡು ಹೋರಾಡಿದನು. ಇದನ್ನೆಲ್ಲ ಮುಚ್ಚಿಡದೆ ಚಿತ್ರಸುರುಳಿಗಳಲ್ಲಿ ಬರೆಸಿಟ್ಟನು. ಆ ಸುರುಳಿಗಳು ಜಪಾನಿನ ರಾಜಮನೆತನದ ಸಂಗ್ರಹದಲ್ಲಿ ಉಳಿದುಬಂದಿವೆ. ಸುಯೆನಾಗ ಧೈರ್ಯಶಾಲಿ, ಹಟವಾದಿ, ಸಂಸಾರದ ಚಿಂತೆಯುಳ್ಳವನು. ಶಿಮುರಾನ ಆದರ್ಶದ ಅಚ್ಚಿಗೆ ಅವನು ಹೊಂದುವುದಿಲ್ಲ.

ಹಾಗಾದರೆ ಆ ಆದರ್ಶ ಬಂದದ್ದೆಲ್ಲಿಂದ? ಸಮುರಾಯಿಯ ನೀತಿಯನ್ನು ವ್ಯವಸ್ಥಿತವಾಗಿ ಚಿಂತಿಸಿ ಬರೆದದ್ದು ಹೆಚ್ಚಾಗಿ 1603ರ ನಂತರದ ತೊಕುಗವಾ ಆಳ್ವಿಕೆಯ ಕಾಲದಲ್ಲಿ. ಯುದ್ಧಗಳು ನಿಂತು, ಯೋಧರು ಕಚೇರಿಯ ಕೆಲಸಕ್ಕೆ ಕುಳಿತ ದಿನಗಳಲ್ಲಿ. ಜಗತ್ತು ಇಂದು ಬಲ್ಲ ‘ಬುಶಿದೊ’ದ ಚಿತ್ರಕ್ಕೆ ದೊಡ್ಡ ಕಾರಣ, ನಿತೋಬೆ ಇನಾಜೊ ಎಂಬ ವಿದ್ವಾಂಸ ಅಮೆರಿಕದಲ್ಲಿದ್ದಾಗ ಇಂಗ್ಲಿಷಿನಲ್ಲಿ ಬರೆದು 1900ರ ಸುಮಾರಿಗೆ ಅಲ್ಲಿಯೇ ಪ್ರಕಟಿಸಿದ ಪುಸ್ತಕ. ಶಾಲೆಗಳಲ್ಲಿ ಧರ್ಮಬೋಧೆಯಿಲ್ಲದೆ ನೀವು ನೀತಿಯನ್ನು ಹೇಗೆ ಕಲಿಸುತ್ತೀರಿ ಎಂದು ಬೆಲ್ಜಿಯಂನ ನ್ಯಾಯಶಾಸ್ತ್ರಜ್ಞರೊಬ್ಬರು ಕೇಳಿದ ಪ್ರಶ್ನೆ ತಮ್ಮನ್ನು ಕಾಡಿತೆಂದು ನಿತೋಬೆಯವರು ಮುನ್ನುಡಿಯಲ್ಲಿ ಹೇಳಿದ್ದಾರೆ. ಪರದೇಶದಲ್ಲಿ ಕುಳಿತು, ಪರರ ಪ್ರಶ್ನೆಗೆ ಉತ್ತರವಾಗಿ, ತಾಯ್ನಾಡಿನ ಪರಂಪರೆಯನ್ನು ಒಪ್ಪವಾಗಿ ಜೋಡಿಸಿಟ್ಟ ಗ್ರಂಥವದು. ನಮ್ಮಂತಹ ಸಂಘಗಳಿಗೆ ಈ ಅನುಭವ ಹೊಸದಲ್ಲ. ರಾಜ್ಯೋತ್ಸವದ ವೇದಿಕೆಯಲ್ಲಿ ನಾವು ಮಕ್ಕಳಿಗೆ ಪರಿಚಯಿಸುವ ಪುಲಕೇಶಿಯೂ ಚೆನ್ನಮ್ಮನೂ ಹತ್ತು ನಿಮಿಷದೊಳಗೆ ಮುಗಿಯಬೇಕು. ಸುಕ್ಕುಗಳೆಲ್ಲ ಇಸ್ತ್ರಿಯಾಗಿಯೇ ವೇದಿಕೆಗೆ ಬರುತ್ತವೆ. ಆಟವನ್ನು ರೂಪಿಸಿದವರು ಅಕಿರಾ ಕುರೊಸಾವಾ ಅವರ ಚಲನಚಿತ್ರಗಳಿಂದ ಪ್ರೇರಣೆ ಪಡೆದವರು. ಹೀಗೆ, ಹಲವು ಶತಮಾನಗಳ ನಂತರದ ಆದರ್ಶವನ್ನು ಹಿಂದಕ್ಕೊಯ್ದು 1274ರ ಯೋಧನ ಹೆಗಲಿಗೆ ಹೊರಿಸಲಾಗಿದೆ.

ಹೀಗಿರುವಾಗ ‘ಹಿಂದಿನಿಂದ ಇರಿದನು, ಆದ್ದರಿಂದ ವೀರನಲ್ಲ’ ಎಂಬ ಆರೋಪ ಇತಿಹಾಸದ ಮುಂದೆ ನಿಲ್ಲಲಾರದು. ಅಷ್ಟಕ್ಕೇ ಜಿನ್ ನಿರ್ದೋಷಿಯಾಗುವನೇ? ಇಲ್ಲವೆಂದೇ ನಮ್ಮ ಅಭಿಪ್ರಾಯ. ಶಿಮುರಾನ ಕೋಟೆಯನ್ನು ಮರಳಿ ಪಡೆಯುವ ನೇರ ಆಕ್ರಮಣದಲ್ಲಿ ಬಹಳ ಜನ ಸಾಯುತ್ತಾರೆ. ಮತ್ತೊಮ್ಮೆ ಹಾಗೆಯೇ ನುಗ್ಗಬೇಕೆಂದು ಶಿಮುರಾ ಹಟ ಹಿಡಿದಾಗ, ಜಿನ್ ಒಬ್ಬನೇ ಒಳಹೊಕ್ಕು ಮಂಗೋಲರು ಕುಡಿಯುವ ಹುದುಗಿಸಿದ ಕುದುರೆ ಹಾಲಿಗೆ ವಿಷ ಬೆರೆಸುತ್ತಾನೆ. ಉದ್ದೇಶ ತನ್ನವರ ಪ್ರಾಣವನ್ನು ಉಳಿಸುವುದು, ಅದು ಫಲಿಸುತ್ತದೆ. ಆದರೆ ಆ ವಿಷವನ್ನು ಮಾಡುವ ಬಗೆಯನ್ನು ಶತ್ರುಗಳೂ ಕಲಿತು ದ್ವೀಪದ ಜನರ ಮೇಲೆಯೇ ಪ್ರಯೋಗಿಸುತ್ತಾರೆ. ಸೊಂಟದ ಕೆಳಗೆ ಹೊಡೆಯಬಾರದೆಂಬ ನಿಯಮವನ್ನು ಭೀಮ ಮುರಿದನೆಂದು ನಾವು ಸಾವಿರ ವರ್ಷಗಳಿಂದ ಚರ್ಚಿಸುತ್ತಿದ್ದೇವೆ. ರನ್ನನ ಗದಾಯುದ್ಧ ನಮ್ಮ ಪಠ್ಯಗಳಲ್ಲಿ ಉಳಿದಿರುವುದಕ್ಕೆ ಅದೂ ಒಂದು ಕಾರಣ. ಭೀಮನ ಆ ಏಟು ದುರ್ಯೋಧನನೊಬ್ಬನ ತೊಡೆಗೆ ಬಿತ್ತು. ಜಿನ್ ಬೆರೆಸಿದ ವಿಷ ಊರಿನ ಕಡೆಗೆ ತಿರುಗಿತು. ಅವನ ಮೇಲೆ ಹೊರಿಸಬೇಕಾದ ನಿಜವಾದ ಆರೋಪ ಇದು.

ಆದರೂ ಇದೇ ಪ್ರಸಂಗದ ಬೆನ್ನಿಗೆ ಅವನ ಪರವಾದ ಬಲವಾದ ಸಾಕ್ಷ್ಯವೂ ಬರುತ್ತದೆ. ತಪ್ಪನ್ನೆಲ್ಲ ಯುನಾಳ ಮೇಲೆ ಹೊರಿಸಿದರೆ ನಿನ್ನನ್ನು ಉಳಿಸುತ್ತೇನೆಂದು ಶಿಮುರಾ ಹೇಳುತ್ತಾನೆ. ಅವಳು ಬಡವಳು, ಕಳ್ಳಿ; ಲೋಕ ಸುಲಭವಾಗಿ ನಂಬುತ್ತಿತ್ತು. ಜಿನ್ ಒಪ್ಪುವುದಿಲ್ಲ. ಸೆರೆಯನ್ನೂ, ಮುಂದೆ ಮನೆತನದ ನಾಶವನ್ನೂ ಅವನು ಅನುಭವಿಸುತ್ತಾನೆ. ಕೊನೆಯಲ್ಲಿ ಶೋಗನ್‌ನ ಆಜ್ಞೆಯಂತೆ ಶಿಮುರಾ ತನ್ನ ಸಾಕುಮಗನನ್ನು ಕೊಲ್ಲಲು ಬರುತ್ತಾನೆ. ದ್ವಂದ್ವದಲ್ಲಿ ಸೋತ ಅವನನ್ನು ಕೊಲ್ಲಬೇಕೋ ಉಳಿಸಬೇಕೋ ಎಂಬ ತೀರ್ಮಾನವನ್ನು ಆಟ ಆಡುವವನ ಕೈಗೇ ಬಿಡುತ್ತದೆ.

ಆದುದರಿಂದ ನಮ್ಮ ಉತ್ತರ ಹೀಗಿದೆ. ನೂರಾರು ಜನರನ್ನು ಒಬ್ಬನೇ ಕೊಂದುದಕ್ಕಾಗಿ ಜಿನ್ ವೀರನಲ್ಲ; ಅದು ಆಟದ ಯಂತ್ರಕ್ಕೆ ಬೇಕಾದ ಲೆಕ್ಕ. ತನ್ನ ಕೃತ್ಯದ ಫಲವನ್ನು ದುರ್ಬಲಳೊಬ್ಬಳ ತಲೆಗೆ ಕಟ್ಟದೆ ತಾನೇ ಹೊತ್ತುಕೊಂಡ ಆ ಒಂದು ಗಳಿಗೆಯಲ್ಲಿ ಅವನು ವೀರ. ನಿಜವಾದ ಇತಿಹಾಸದಲ್ಲಿ ಜಪಾನನ್ನು ಕಾಯ್ದ ಕೆಲಸವೂ ಒಬ್ಬನದಲ್ಲ. 1276ರಲ್ಲಿ ಕ್ಯೂಶೂವಿನ ಪ್ರಾಂತ್ಯಗಳು ಪಾಲು ಹಂಚಿಕೊಂಡು ಹಕಾತ ಕೊಲ್ಲಿಯುದ್ದಕ್ಕೂ ಸುಮಾರು 20 ಕಿಲೋಮೀಟರ್ ಕಲ್ಲಿನ ಗೋಡೆ ಕಟ್ಟಿದವು. 1281ರಲ್ಲಿ ಶತ್ರುಗಳನ್ನು ದಡದಿಂದ ದೂರವಿಟ್ಟದ್ದು ಆ ಗೋಡೆ ಮತ್ತು ಕಾವಲುಗಾರರು. ಬಿರುಗಾಳಿ ಬಂದದ್ದು ಆಮೇಲೆ. ಫುಕುಒಕಾ ನಗರದಲ್ಲಿ ಗೋಡೆಯ ತುಂಡುಗಳನ್ನು ಈಗಲೂ ನೋಡಬಹುದು. ಕಲ್ಲು ಹೊತ್ತವರ ಹೆಸರುಗಳು ಮಾತ್ರ ನಮಗೆ ತಿಳಿಯವು.

ಆಟದಿಂದ ಒಳಿತೂ ಆಗಿದೆ. 2020ರ ಚಂಡಮಾರುತಕ್ಕೆ ತ್ಸುಶಿಮಾದ ವತತ್ಸುಮಿ ದೇಗುಲದ ದ್ವಾರತೋರಣ ಉರುಳಿದಾಗ, 50 ಲಕ್ಷ ಯೆನ್ ಕೋರಿದ್ದ ನಿಧಿಗೆ 2.7 ಕೋಟಿ ಯೆನ್‌ಗಿಂತ ಹೆಚ್ಚು ಹರಿದುಬಂದಿತು. ನೀಡಿದವರಲ್ಲಿ ಈ ಆಟದ ಅಭಿಮಾನಿಗಳೂ ಬಹಳ ಮಂದಿ. 2021ರಲ್ಲಿ ಆಟದ ಇಬ್ಬರು ನಿರ್ದೇಶಕರನ್ನು ತ್ಸುಶಿಮಾ ತನ್ನ ಪ್ರವಾಸೋದ್ಯಮದ ರಾಯಭಾರಿಗಳನ್ನಾಗಿ ಗೌರವಿಸಿತು.

ರಕ್ತಪಾತ ಹೆಚ್ಚಿರುವುದರಿಂದ ಅಮೆರಿಕದಲ್ಲಿ ಈ ಆಟವನ್ನು 17 ವರ್ಷ ತುಂಬಿದವರಿಗೆಂದು ವರ್ಗೀಕರಿಸಲಾಗಿದೆ, ಪಾಲಕರು ಗಮನಿಸಬೇಕು. ಆಡುವ ವಯಸ್ಸಿನ ಮಕ್ಕಳಿರುವ ಮನೆಗಳಲ್ಲಿ, ಶಿಮುರಾನನ್ನು ನೀನು ಕೊಂದೆಯೋ ಉಳಿಸಿದೆಯೋ, ಏಕೆ ಎಂದು ಊಟದ ಹೊತ್ತಿನಲ್ಲಿ ಕೇಳಿ ನೋಡಿ. ಗೋಡೆ ಕಟ್ಟಿದವರ ಕಥೆಯನ್ನೂ, ನಿಮ್ಮೂರಿನ ಕೆರೆಯ ಏರಿಯ ಮೇಲೆ ನಿಂತಿರುವ ವೀರಗಲ್ಲಿನ ಕಥೆಯನ್ನೂ ಅದೇ ಊಟದಲ್ಲಿ ಬಡಿಸಿದರೆ ನಮ್ಮ ಈ ಬರಹ ಸಾರ್ಥಕವಾದಂತೆ.