ಲಕ್ವ ಹೊಡೆದ ಕಾಲಿಗೆ ಭಾರ ಕಟ್ಟಬಾರದು ಅಂದಿದ್ದು ಯಾರು?

ವಿಡಿಯೋ ನೋಡೋಕೆ ಟೈಮಿಲ್ಲ, ಆಫೀಸ್ ಬಸ್ಸಲ್ಲಿ ಓದ್ಕೋತೀವಿ ಅನ್ನೋರಿಗೆ ಈ ಬರಹ. ಈ ಸಲದ ವಿಷಯ ನಮ್ಮ ಮನೆಯಿಂದಲೇ ಶುರು.

ಅಪ್ಪನಿಗೆ ಹಾಸನದಲ್ಲಿ ಲಕ್ವ ಹೊಡೆಯಿತು, ಎಡಗಡೆ ಕೈಕಾಲು ಸ್ವಾಧೀನ ತಪ್ಪಿತು. ಆಸ್ಪತ್ರೆಯಿಂದ ಬಿಟ್ಟ ಮೇಲೆ ಚೆನ್ನೈಗೆ, ಶೋಲಿಂಗನಲ್ಲೂರಿನ ನಮ್ಮ ಫ್ಲಾಟಿಗೆ ಕರ್ಕೊಂಡು ಬಂದೆ. ಮನೆಗೆ ಬರ್ತಿದ್ದ ಫಿಸಿಯೋಥೆರಪಿಸ್ಟ್ ಹಿರಿಯರು, ಒಳ್ಳೆ ಮನುಷ್ಯ. ಕಾಲನ್ನು ಮೆಲ್ಲಗೆ ಮಡಿಸಿ, ಬಿಡಿಸಿ, ನೀವಿ ಹೋಗೋರು. ಭಾರ ಗೀರ ಮಾತ್ರ ಬೇಡವೇ ಬೇಡ, ಕಾಲು ಇನ್ನೂ ಸೆಟೆದುಕೊಳ್ಳುತ್ತೆ ಅನ್ನೋರು. ನಾಲ್ಕು ತಿಂಗಳಾದರೂ ಅಪ್ಪನ ಓಡಾಟ ಗೋಡೆ ಹಿಡಿದು ಬಾತ್‌ರೂಮಿನ ತನಕ, ಅಷ್ಟೇ. ಅವರು ರಜೆ ಹಾಕಿದಾಗ ಬದಲಿಗೆ ಒಬ್ಬ ಯುವತಿ ಬಂದರು. ಮೊದಲ ದಿನವೇ ಅಪ್ಪನ ಕಾಲಿಗೆ ಒಂದು ಕೆಜಿ ಮರಳಿನ ಚೀಲ ಕಟ್ಟಿದರು. ನಾನು ಜಗಳಕ್ಕೇ ನಿಂತೆ. ಅವರು ನಕ್ಕು, "ಅದು ಪಳಯ ಕದೈ, ಸಾರ್" ಅಂದರು.

ಆ ಹಳೇ ಕಥೆ ಏನು ಅಂತ ಆವತ್ತು ರಾತ್ರಿ ಹುಡುಕೋಕೆ ಕೂತೆ.

ಬರ್ಟಾ ಬೊಬಾತ್ ಬರ್ಲಿನ್ನಿನಲ್ಲಿ ಜಿಮ್ನಾಸ್ಟಿಕ್ಸ್ ಕಲಿತವರು. ನಾಜಿಗಳ ಕಾಲದಲ್ಲಿ ಊರು ಬಿಟ್ಟು ಲಂಡನ್ ಸೇರಿದರು. 1940ರ ದಶಕದಲ್ಲಿ ಸೈಮನ್ ಎಲ್ವೆಸ್ ಅನ್ನೋ ಚಿತ್ರಕಾರರಿಗೆ ಲಕ್ವ ಹೊಡೆದಿತ್ತು, ಅವರ ಶುಶ್ರೂಷೆ ಬರ್ಟಾ ಪಾಲಿಗೆ ಬಂತು. ಸೆಟೆದ ಕೈಕಾಲನ್ನು ತಕ್ಕ ಭಂಗಿಯಲ್ಲಿ ಹಿಡಿದು ಆಡಿಸಿದರೆ ಬಿಗಿತ ಸಡಿಲಾಗುತ್ತೆ ಅಂತ ಅವರಿಗೆ ಕಂಡಿತು. ಬಿದ್ದುಹೋದ ಕಡೆಯನ್ನು ಬಿಟ್ಟು ಚೆನ್ನಾಗಿರೋ ಕಡೆಯಲ್ಲೇ ನಿಭಾಯಿಸೋದನ್ನು ಕಲಿಸುತ್ತಿದ್ದ ಕಾಲ ಅದು. ಆ ಲೆಕ್ಕದಲ್ಲಿ ಇದು ದೊಡ್ಡ ಹೆಜ್ಜೆಯೇ, ಇಲ್ಲ ಅನ್ನೋಲ್ಲ. ಗಂಡ ಕಾರೆಲ್ ಬೊಬಾತ್ ಡಾಕ್ಟರು, ಇದಕ್ಕೊಂದು ಸಿದ್ಧಾಂತ ಕಟ್ಟಿಕೊಟ್ಟರು. ಆ ಸಿದ್ಧಾಂತದಲ್ಲಿ ಅಸಲಿ ಶತ್ರು ಬಿಗಿತ. ಕಾಲು ಸೋತಂತೆ ಕಾಣೋದು ಎದುರಿನ ಸ್ನಾಯು ಸೆಟೆದು ತಡೆಯೋದರಿಂದ. ಹಾಗಾಗಿ ಮುಕ್ಕಿರಿದು ಬಲ ಹಾಕಿದರೆ ಬಿಗಿತ ಹೆಚ್ಚುತ್ತೆ. 1970ರಲ್ಲಿ ಬರ್ಟಾ ಅವರ ಪುಸ್ತಕ ಬಂತು, ಈ ಪದ್ಧತಿ ದೇಶದೇಶಗಳಿಗೆ ಹಬ್ಬಿತು.

ಅದೇ ಹೊತ್ತಲ್ಲಿ ಅಮೆರಿಕದಲ್ಲಿ ಇನ್ನೊಂದು ಕಥೆ ನಡೀತಿತ್ತು. ಥಾಮಸ್ ಡಿಲೋರ್ಮ್ ಅನ್ನೋ ಸೇನಾ ವೈದ್ಯರು, ಮೊಣಕಾಲಿಗೆ ಪೆಟ್ಟಾದ ಸೈನಿಕರಿಂದ ಭಾರ ಎತ್ತಿಸಿ 1945ರಲ್ಲಿ ಅದನ್ನು ಪ್ರಕಟಿಸಿದರು. ಹತ್ತು ಸಲ ಮಾತ್ರ ಎತ್ತಬಲ್ಲ ಭಾರ ಎಷ್ಟು ನೋಡು. ಕೆಲವು ವರ್ಷಗಳಲ್ಲಿ ಲೆಕ್ಕ ಹೀಗೆ ನಿಂತಿತು: ಮೊದಲು ಅದರ ಅರ್ಧ, ಆಮೇಲೆ ಮುಕ್ಕಾಲು, ಆಮೇಲೆ ಪೂರ್ತಿ, ಒಂದೊಂದೂ ಹತ್ತು ಸಲ. ನಿಮ್ಮ ಜಿಮ್ಮಲ್ಲಿ ಟ್ರೇನರ್ "ತ್ರೀ ಸೆಟ್ಸ್, ಟೆನ್ ರೆಪ್ಸ್" ಅಂತ ಕೂಗ್ತಾನಲ್ಲ, ಅದು ಈ ಆಸ್ಪತ್ರೆಯ ಲೆಕ್ಕವೇ. ಪೋಲಿಯೋ ಆದವರಿಗೂ ಇದನ್ನು ಬಳಸಿದರು. ನಮ್ಮ ಪಕ್ಕದ ವೆಲ್ಲೂರಿನಲ್ಲಿ ಮೇರಿ ವರ್ಗೀಸ್ ಇದ್ದರು. 1954ರ ಅಪಘಾತದಲ್ಲಿ ಸೊಂಟದ ಕೆಳಗೆ ಸ್ವಾಧೀನ ಕಳೆದುಕೊಂಡು, ಗಾಲಿಕುರ್ಚಿಯಲ್ಲೇ ಕೂತು ಆಪರೇಷನ್ ಮಾಡುತ್ತಿದ್ದ ಡಾಕ್ಟರು. ಅವರು ಕಟ್ಟಿದ ಪುನರ್ವಸತಿ ಕೇಂದ್ರ 1966ರಲ್ಲಿ ತೆರೆಯಿತು. ಬೆನ್ನುಹುರಿಗೆ ಪೆಟ್ಟಾದವರು ತೋಳಿಗೆ ಬಲ ತಂದುಕೋಬೇಕು ಅನ್ನೋದರಲ್ಲಿ ಯಾರಿಗೂ ಅನುಮಾನ ಇರಲಿಲ್ಲ. ಲಕ್ವದ ಕಾಲಿಗೆ ಮಾತ್ರ ಆ ಭಯ.

ಆ ಭಯವನ್ನು ಅಳೆದು ನೋಡಿದ್ದು ಎಷ್ಟೋ ವರ್ಷ ಆದಮೇಲೆ. 1982ರಲ್ಲಿ ಸಿಡ್ನಿಯ ಜಾನೆಟ್ ಕಾರ್, ರೊಬರ್ಟಾ ಶೆಫರ್ಡ್ ಒಂದು ಪುಸ್ತಕ ಬರೆದರು: ನಡಿಗೆ ಬೇಕಾದರೆ ನಡೆಸಿಯೇ ಕಲಿಸಿ, ಏಳೋದು ಬೇಕಾದರೆ ಏಳಿಸಿಯೇ ಕಲಿಸಿ ಅನ್ನೋದು ಅದರ ತಿರುಳು. 1997ರಲ್ಲಿ ಕೆನಡಾದ ಶಾರ್ಪ್ ಮತ್ತು ಬ್ರೌವರ್, ಲಕ್ವ ಹೊಡೆದು ತಿಂಗಳುಗಳೇ ಕಳೆದಿದ್ದ 15 ಜನರ ಸೋತ ಮೊಣಕಾಲಿಗೆ ಯಂತ್ರದ ಮೇಲೆ ಆರು ವಾರ ಕಸರತ್ತು ಮಾಡಿಸಿದರು. ಬಲ ಹೆಚ್ಚಿತು, ನಡಿಗೆಯ ವೇಗ ಹೆಚ್ಚಿತು, ಬಿಗಿತ ಹೆಚ್ಚಲಿಲ್ಲ. ಮೆಟ್ಟಿಲು ಹತ್ತೋದು ಮಾತ್ರ ಅಷ್ಟಾಗಿ ಸುಧಾರಿಸಲಿಲ್ಲ. 2006ರಲ್ಲಿ ಲೂಯಿಸ್ ಅಡಾ ಮತ್ತು ಜೊತೆಗಾರರು ಅಲ್ಲಿವರೆಗಿನ ಪ್ರಯೋಗಗಳನ್ನೆಲ್ಲ ಒಟ್ಟಿಗಿಟ್ಟು ನೋಡಿದಾಗಲೂ ಅದೇ ಉತ್ತರ: ಬಲ ಬರುತ್ತೆ, ಬಿಗಿತ ಏರೋಲ್ಲ. ಓಡಾಟದಲ್ಲಿ ಸಿಗೋ ಲಾಭ ಮಾತ್ರ ಸಣ್ಣದು. ಬರೀ ಕುರ್ಚಿಯಲ್ಲಿ ಕೂತು ಕಾಲೆತ್ತಿದರೆ ನಡಿಗೆ ತಾನಾಗಿ ಬರೋಲ್ಲ, ನಡೆಯಲೂ ಬೇಕು.

ಹಿರಿಯರ ಮೇಲೆ ನನಗೆ ಸಿಟ್ಟಿತ್ತು, ಈಗಲೂ ಸ್ವಲ್ಪ ಇದೆ. ಕಾಲೇಜಲ್ಲಿ ಅವರಿಗೆ ಕಲಿಸಿದ್ದೇ ಅದಿರಬೇಕು. ಆದರೂ ಆ ನಾಲ್ಕು ತಿಂಗಳು ನಮ್ಮಪ್ಪನದು.

ಬಿಪಿ ನೋಡಿ ಡಾಕ್ಟರು ಸರಿ ಅಂದಮೇಲೆ ದಿನಚರಿ ಹೀಗಾಯಿತು. ಕುರ್ಚಿ ಮೇಲೆ ಎರಡು ದಿಂಬು, ಕೈ ಊರದೆ ಏಳಬೇಕು. ಅದು ಸಲೀಸಾದರೆ ಒಂದು ದಿಂಬು ತೆಗೆಯೋದು. ಚಿಕ್ಕಂದಿನಲ್ಲಿ ಗರಡಿಮನೆಗೆ ಹೋಗ್ತಿದ್ದ ಅಪ್ಪ, "ಇದು ಅರ್ಧ ಬಸ್ಕಿ ಕಣೋ" ಅಂದರು. ಮರಳಿನ ಚೀಲ ಎರಡು ಕೆಜಿ ಆಯಿತು. ಆಮೇಲೆ ಲಿಫ್ಟಿಂದ ನಮ್ಮ ಬಾಗಿಲ ತನಕ ನಡಿಗೆ, ಟೇಪ್ ಹಿಡಿದು ಅಳೆದ 10 ಮೀಟರ್. ಆ ಯುವತಿ "ಒಣ್ಣು, ರೆಂಡು, ಮೂಣು" ಅಂತ ಎಣಿಸ್ತಾರೆ, ಅಪ್ಪ ಅದರ ಮೇಲೇ "ಒಂದು, ಎರಡು, ಮೂರು" ಅಂತಾರೆ. ಅವರದು ಹತ್ತಾದಾಗ ಇವರದು ಒಂಬತ್ತೇ ಇರುತ್ತೆ. "ಇನ್ನೊರು ತಡವೆ, ಅಪ್ಪಾ" ಅಂದರೆ ಮರುಮಾತಿಲ್ಲದೆ ಏಳ್ತಾರೆ.

ಮೊದಲ ವಾರ ಆ 10 ಮೀಟರಿಗೆ 34 ಸೆಕೆಂಡ್ ಬೇಕಾಗಿತ್ತು. ಮೂರು ತಿಂಗಳ ಮೇಲೆ 21. ಹೋದ ಭಾನುವಾರ ಕೋಲು ಹಿಡಿದು ಗೇಟ್ ದಾಟಿ ಟೀ ಅಂಗಡಿ ಮುಟ್ಟಿದರು. ಮೆಟ್ಟಿಲು ಮಾತ್ರ ಇನ್ನೂ ಕಷ್ಟವೇ, ಆ ಕೆನಡಾದ ಹದಿನೈದು ಜನರ ಹಾಗೆ.