ಅರಸ್ತುವಿನ ಪ್ರಶ್ನೆ, ಬೀದರಿನ ಮುದ್ರೆ

ಮದ್ರಸಗಳಲ್ಲಿ ಮಂತಿಕ್, ಅಂದರೆ ತರ್ಕಶಾಸ್ತ್ರವನ್ನು ಓದಿದವರಿಗೆ ‘ಅರಸ್ತು’ ಎಂಬ ಹೆಸರು ಹೊಸತಲ್ಲ. ಗ್ರೀಸ್ ದೇಶದ ಅರಿಸ್ಟಾಟಲ್ (ಕ್ರಿ.ಪೂ. 384–322) ನಮ್ಮ ಫಾರಸಿ, ಉರ್ದು ಗ್ರಂಥಗಳಲ್ಲಿ ಅರಸ್ತು ಎನಿಸಿಕೊಂಡನು. ತರ್ಕದ ಗುರುವೆಂದೇ ನಾವು ಬಲ್ಲ ಆತನು ಆಡಳಿತದ ಕುರಿತೂ ಆಳವಾಗಿ ಚಿಂತಿಸಿದ್ದನು.

ಆತನ ಗುರು ಅಫ್ಲಾತೂನ್ (ಪ್ಲೇಟೊ) ‘ರಿಪಬ್ಲಿಕ್’ ಗ್ರಂಥದಲ್ಲಿ ತತ್ತ್ವಜ್ಞಾನಿಗಳೇ ಅರಸರಾಗಬೇಕೆಂದನು. ಅರಸ್ತು ‘ಪಾಲಿಟಿಕ್ಸ್’ನಲ್ಲಿ ಬೇರೊಂದು ಪ್ರಶ್ನೆಯನ್ನೆತ್ತಿದನು: ಆಳಬೇಕಾದುದು ಉತ್ತಮ ಮನುಷ್ಯನೋ, ಉತ್ತಮ ಕಾನೂನೋ? ಎಂತಹ ಸಜ್ಜನನ ಬುದ್ಧಿಯನ್ನೂ ಕೋಪ ಮತ್ತು ಆಸೆಗಳು ಕೆಡಿಸಬಲ್ಲವು. ಕಾನೂನಿಗೆ ಕೋಪವಿಲ್ಲ, ಆಸೆಯಿಲ್ಲ. ಆದುದರಿಂದ ಅರಸನೂ ಕಾನೂನಿಗೆ ಬದ್ಧನಾಗಿರಬೇಕು. ಗುಲಾಮಗಿರಿಯನ್ನು ಸಮರ್ಥಿಸಿದ ಅರಸ್ತುವನ್ನು ನಾವು ಒಪ್ಪಲಾರೆವು. ಆದರೆ ಈ ಮಾತಿನ ಸತ್ಯಕ್ಕೆ ನಮ್ಮ ಕರ್ನಾಟಕದ ಇತಿಹಾಸವೇ ಸಾಕ್ಷಿ.

ಇರಾನಿನ ಗೀಲಾನಿನಿಂದ ಬಂದ ವರ್ತಕ ಮಹಮೂದ್ ಗವಾನರು ಬಹಮನಿ ರಾಜ್ಯದ ಪ್ರಧಾನಮಂತ್ರಿಯಾದರು. 1472ರಲ್ಲಿ ಬೀದರಿನಲ್ಲಿ ಅವರು ಕಟ್ಟಿಸಿದ ಮದ್ರಸ ಇಂದಿಗೂ ನಿಂತಿದೆ. ರಾಜ್ಯದ ನಾಲ್ಕು ಪ್ರಾಂತಗಳನ್ನು ಎಂಟಾಗಿ ವಿಂಗಡಿಸಿ, ಪ್ರಾಂತಾಧಿಕಾರಿಯ ಕೈಯಲ್ಲಿ ಒಂದೇ ಕೋಟೆಯನ್ನು ಉಳಿಸಿ, ಅಧಿಕಾರಕ್ಕೆ ಮಿತಿ ಹಾಕಿದರು. ಪ್ರಬಲ ಸರದಾರರು ಕೆರಳಿದರು. ಗವಾನರ ಮುದ್ರೆ ಕಾಯುವವನನ್ನು ಒಲಿಸಿಕೊಂಡು ಖಾಲಿ ಕಾಗದಕ್ಕೆ ಮುದ್ರೆ ಒತ್ತಿಸಿ, ಒರಿಸ್ಸಾದ ಅರಸನನ್ನು ದಂಡೆತ್ತಿ ಬರಲು ಕರೆಯುವ ಪತ್ರವನ್ನು ಅದರ ಮೇಲೆ ಸೃಷ್ಟಿಸಿದರು.

ಸುಲ್ತಾನ ಮೂರನೆಯ ಮುಹಮ್ಮದ್ ಶಾಹನು ಪತ್ರವನ್ನು ತೋರಿಸಿದಾಗ, ಮುದ್ರೆ ತನ್ನದು, ಪತ್ರ ತನ್ನದಲ್ಲ ಎಂದರು ಗವಾನರು. ವಿಚಾರಣೆಯೇ ನಡೆಯಲಿಲ್ಲ. 1481ರ ಏಪ್ರಿಲ್ 5ರಂದು ಆ ವೃದ್ಧ ಮಂತ್ರಿಯ ಶಿರಚ್ಛೇದವಾಯಿತು. ಬಳಿಕ ಸತ್ಯ ತಿಳಿದು ಪಶ್ಚಾತ್ತಾಪಪಟ್ಟ ಸುಲ್ತಾನನು ಮರುವರ್ಷವೇ ತೀರಿಕೊಂಡನು. ಮುಂದೆ ರಾಜ್ಯವು ಐದು ಹೋಳಾಯಿತು.

ಸರದಾರರಿಗೆ ಮಿತಿ ಹಾಕಿದ ಮಂತ್ರಿಗೆ, ಸುಲ್ತಾನನ ಕೋಪಕ್ಕೆ ಮಿತಿ ಹಾಕುವ ಶಕ್ತಿಯಿರಲಿಲ್ಲ. ದುಷ್ಟನು ತಂದ ಸುದ್ದಿಯನ್ನು ಪರಿಶೀಲಿಸಿರೆಂಬ ಕುರ್‌ಆನಿನ ಆದೇಶ (ಸೂರಾ ಅಲ್ ಹುಜುರಾತ್, 6) ಆ ಆಸ್ಥಾನಕ್ಕೆ ತಿಳಿಯದ್ದೇನಲ್ಲ. ತಿಳಿದಿದ್ದ ನ್ಯಾಯವನ್ನು ಪಾಲಿಸುವಂತೆ ಅರಸನನ್ನು ಕಟ್ಟಿಹಾಕುವವರು ಇರಲಿಲ್ಲ, ಅಷ್ಟೇ.

ಗಂಗೊಳ್ಳಿಯಂತಹ ಊರಿನಲ್ಲಿ ಒಬ್ಬನ ಮೇಲಿನ ಮಾತು ಬಂದರಿನಿಂದ ಮಸೀದಿಯ ಅಂಗಳ ತಲಪುವಷ್ಟರಲ್ಲಿ ತೀರ್ಪೇ ಆಗಿಬಿಟ್ಟಿರುತ್ತದೆ. ಜಮಾಅತಿನಲ್ಲಾಗಲಿ ಮನೆಯಲ್ಲಾಗಲಿ ತೀರ್ಪು ಹೇಳಲು ಕುಳಿತವರು, ಆರೋಪಿಯ ಮಾತನ್ನೂ ಕೇಳಿದೆವೇ ಎಂದು ಮೊದಲು ತಮ್ಮನ್ನು ತಾವೇ ಪ್ರಶ್ನಿಸಿಕೊಳ್ಳಲಿ.