ಸಿಆರ್‌ಓ ನಾಬ್ ತಿರುಗಿಸುವ ಸರದಿ ಯಾರದ್ದು?

ಈ ವಾರದ ಮಾತಿನ ಬರಹರೂಪ ಇದು. ವಿಡಿಯೋದಲ್ಲಿ ಅವಸರದಲ್ಲಿ ಹೇಳಿದ ಒಂದೆರಡು ವಿಷಯಗಳನ್ನು ಇಲ್ಲಿ ಸ್ವಲ್ಪ ಬಿಡಿಸಿ ಬರೆದಿದ್ದೀನಿ.

ಹೋದ ತಿಂಗಳು ಹಿಂಜವಡಿಯಲ್ಲಿ ಕ್ಯಾಬ್‌ಗೆ ಕಾಯ್ತಾ ನಿಂತಿದ್ದೆ. ಗದಗದಿಂದ ಅಕ್ಕನ ಮಗ ಫೋನ್ ಮಾಡಿದ. ಡಿಪ್ಲೊಮಾ ಎಲೆಕ್ಟ್ರಾನಿಕ್ಸ್, ಎರಡನೇ ವರ್ಷ. "ಮಾಮಾ, ಲೆಕ್ಕ ಮಾಡಿದ್ರ 1 ಮಿಲಿಸೆಕೆಂಡ್ ಬರ್ತೈತಿ. ನೀ ಕೊಟ್ಟ ಡಬ್ಬಿಯೊಳಗ 0.85 ತೋರಸಾಕತ್ತೈತಿ. ರೆಕಾರ್ಡ್‌ನಾಗ ಯಾವ್ದು ಬರೀಲಿ?"

ನಾನು ತಕ್ಷಣ ಉತ್ತರ ಕೊಡಲಿಲ್ಲ. ಅವನ ವಯಸ್ಸಿನಲ್ಲಿ ನಾನು ಏನು ಬರೆದಿದ್ದೆ ಅನ್ನೋದು ನೆನಪಿತ್ತು.

ನಮ್ಮ ಕಾಲೇಜಿನ ಲ್ಯಾಬಿನಲ್ಲಿ ಒಂದು ಸಿಆರ್‌ಓಗೆ ಆರು ಜನ. ಒಬ್ಬ ಪ್ರೋಬ್ ಹಿಡೀತಾನೆ, ಒಬ್ಬ ನಾಬ್ ತಿರುಗಿಸ್ತಾನೆ, ಒಬ್ಬ ರೀಡಿಂಗ್ ಬರೀತಾನೆ. ಉಳಿದ ಮೂವರು ಹಿಂದೆ ನಿಂತು ಇಣುಕಬೇಕು. ನಾನು ಆ ಮೂವರಲ್ಲಿ ಒಬ್ಬ. ಯಾವಾಗಲಾದರೂ ಕೈ ಮುಂದೆ ಹೋದರೆ ಅಟೆಂಡರ್ ದನಿ ಬರ್ತಿತ್ತು: "ಮುಟ್ಟಬ್ಯಾಡ್ರೋ, ಕೆಟ್ಟರ ನಿಮ್ಮಪ್ಪ ಕೊಡ್ತಾನೇನು?" ಅವರದೂ ತಪ್ಪಲ್ಲ, ಕೆಟ್ಟಿದ್ದರೆ ಉತ್ತರ ಕೊಡಬೇಕಾದವರು ಅವರೇ. ಹೀಗಾಗಿ ಲೆಕ್ಕದಲ್ಲಿ ಬಂದ ಸಂಖ್ಯೆಯನ್ನೇ ರೀಡಿಂಗ್ ಕಾಲಂನಲ್ಲಿ ಬರೆದು, ಸೀನಿಯರ್ ರೆಕಾರ್ಡ್ ನೋಡಿ ಗ್ರಾಫ್ ಎಳೆದು ಪಾಸಾದೆ. ಸಿಆರ್‌ಓ ಬಗ್ಗೆ ಹತ್ತು ಮಾರ್ಕ್ಸಿನ ಉತ್ತರ ಬರೆದವನು ಟ್ರಿಗರ್ ನಾಬನ್ನು ಒಮ್ಮೆಯೂ ತಿರುಗಿಸಿರಲಿಲ್ಲ. ಆಮೇಲೆ ಎಂಟೆಕ್ ಆಯ್ತು, ಅಲ್ಲಿ ಬಹುಪಾಲು ಸಿಮ್ಯುಲೇಷನ್. ಆಮೇಲೆ ಸಾಫ್ಟ್‌ವೇರ್. ನಿಮ್ಮಲ್ಲೂ ಎಷ್ಟೋ ಜನರ ಕಥೆ ಇದೇ, ಅಲ್ವಾ?

ಆ ಯಂತ್ರ ಬೀರುವಿನಲ್ಲಿ ಬೀಗ ಹಾಕಿಸಿಕೊಂಡು ಕೂರೋದಕ್ಕೆ ಕಾರಣ ಅದರ ಹುಟ್ಟಿನಲ್ಲೇ ಇದೆ. 1897ರಲ್ಲಿ ಜರ್ಮನ್ ವಿಜ್ಞಾನಿ ಕಾರ್ಲ್ ಫರ್ಡಿನಾಂಡ್ ಬ್ರೌನ್ ಕ್ಯಾಥೋಡ್ ರೇ ಟ್ಯೂಬ್ ಬಳಸಿ ವಿದ್ಯುತ್ತಿನ ಏರಿಳಿತವನ್ನು ಕಣ್ಣಿಗೆ ಕಾಣುವ ಹಾಗೆ ಮಾಡಿದ. 1947ರಲ್ಲಿ ಅಮೆರಿಕದ ಟೆಕ್ಟ್ರಾನಿಕ್ಸ್ ಕಂಪನಿ 511 ಎಂಬ ಮಾದರಿ ತಂದಿತು. ಅದರ ಹೆಚ್ಚುಗಾರಿಕೆ ಟ್ರಿಗರ್. ಅಲೆ ಒಂದು ನಿರ್ದಿಷ್ಟ ವೋಲ್ಟೇಜ್ ಮುಟ್ಟಿದಾಗಲೇ ಪರದೆಯ ಮೇಲೆ ಗೆರೆ ಎಳೆಯಲು ಶುರು ಮಾಡು ಅನ್ನೋ ಏರ್ಪಾಡು. ಹಾಗಾಗಿ ಅಲೆ ಓಡಿಹೋಗದೆ ಒಂದೇ ಕಡೆ ನಿಲ್ಲುತ್ತೆ. ಬೆಲೆ 795 ಡಾಲರ್, ಆ ಕಾಲಕ್ಕೆ ದೊಡ್ಡ ಮೊತ್ತ. ಒಳಗೆ ಗಾಜಿನ ಟ್ಯೂಬು, ಸಾವಿರಾರು ವೋಲ್ಟು. ಇಂಥದ್ದನ್ನು ಹುಡುಗರ ಕೈಗೆ ಯಾರು ಕೊಡ್ತಾರೆ?

ಬದಲಾವಣೆ ಬಂದಿದ್ದು ಪಕ್ಕದ ಮೇಜಿನಿಂದ. ಕಂಪ್ಯೂಟರಿಗೆ ಹೇಗೂ ಪರದೆ ಇದೆ, ಇನ್ನೊಂದು ಪರದೆ ಯಾಕೆ? 1991ರಲ್ಲಿ ಶುರುವಾದ ಇಂಗ್ಲೆಂಡಿನ ಪಿಕೋ ಟೆಕ್ನಾಲಜಿ, ಪ್ರಿಂಟರ್ ಸಿಕ್ಕಿಸುವ ಪ್ಯಾರಲಲ್ ಪೋರ್ಟಿಗೆ ಅಳತೆಯ ಡಬ್ಬಿ ಜೋಡಿಸಿತು. 1996ರಲ್ಲಿ ಯುಎಸ್‌ಬಿಯ ಮೊದಲ ಆವೃತ್ತಿ ಬಂತು. ಅದನ್ನು ರೂಪಿಸಿದ ಇಂಟೆಲ್ ತಂಡದಲ್ಲಿ ಮುಖ್ಯರಾದವರು ಅಜಯ್ ಭಟ್, ವಡೋದರಾದ ಮಹಾರಾಜ ಸಯಾಜಿರಾವ್ ವಿಶ್ವವಿದ್ಯಾಲಯದಲ್ಲಿ ಓದಿದವರು. ಯುಎಸ್‌ಬಿ ಡೇಟಾ ಸಾಗಿಸುವುದರ ಜೊತೆಗೆ 5 ವೋಲ್ಟಿನಲ್ಲಿ 500 ಮಿಲಿಆಂಪಿಯರ್‌ವರೆಗೆ ಕರೆಂಟನ್ನೂ ಕೊಡುತ್ತಿತ್ತು. ಅಲ್ಲಿಗೆ ಅಳತೆಯ ಯಂತ್ರದಿಂದ ಪರದೆ ಹೋಯ್ತು, ಪವರ್ ಸಪ್ಲೈ ಹೋಯ್ತು, ನಾಬುಗಳು ಸಾಫ್ಟ್‌ವೇರ್ ಆದವು. ಉಳಿದಿದ್ದು ವೋಲ್ಟೇಜನ್ನು ಅಂಕಿ ಮಾಡುವ ಎಡಿಸಿ, ಒಂದು ಮೈಕ್ರೋಕಂಟ್ರೋಲರ್, ಸ್ವಲ್ಪ ರಕ್ಷಣೆಯ ಸರ್ಕ್ಯೂಟ್. ತೂಕವನ್ನೆಲ್ಲ ಲ್ಯಾಪ್‌ಟಾಪ್ ಹೊತ್ತುಕೊಂಡಿತು.

ಭಾರತದಲ್ಲಿ ಇದನ್ನು ಹುಡುಗರ ಕೈಗೆ ತಲುಪಿಸುವ ಕೆಲಸಕ್ಕೆ ಕೈ ಹಾಕಿದ್ದು ಒಂದು ಅನಿರೀಕ್ಷಿತ ಜಾಗ. ಪುಣೆಯಲ್ಲಿರೋ ನಮಗೆ ಐಯುಕಾ ಗೊತ್ತು, ನಾರ್ಳೀಕರ್ ಅವರು ಕಟ್ಟಿದ ಖಗೋಳ ವಿಜ್ಞಾನ ಕೇಂದ್ರ. ಅದು ಯುಜಿಸಿಯ ಅಂತರ ವಿಶ್ವವಿದ್ಯಾಲಯ ಕೇಂದ್ರ. ಅಂಥದ್ದೇ ಇನ್ನೊಂದು ದೆಹಲಿಯಲ್ಲಿದೆ. 1984ರಲ್ಲಿ ನ್ಯೂಕ್ಲಿಯರ್ ಸೈನ್ಸ್ ಸೆಂಟರ್ ಆಗಿ ಶುರುವಾಗಿ, ಈಗ ಇಂಟರ್ ಯೂನಿವರ್ಸಿಟಿ ಆಕ್ಸಿಲರೇಟರ್ ಸೆಂಟರ್ ಅನ್ನೋ ಹೆಸರಲ್ಲಿದೆ. ಯಾವ ವಿಶ್ವವಿದ್ಯಾಲಯವೂ ಒಂಟಿಯಾಗಿ ಕೊಳ್ಳಲಾಗದ ಕಣ ವೇಗವರ್ಧಕವನ್ನು ಎಲ್ಲರೂ ಹಂಚಿಕೊಂಡು ಬಳಸಲಿ ಅನ್ನೋದೇ ಅದರ ಉದ್ದೇಶ. ಅಲ್ಲಿನ ವಿಜ್ಞಾನಿ ಅಜಿತ್ ಕುಮಾರ್ ಬಿ.ಪಿ. ಅವರು 2004ರ ಸುಮಾರಿಗೆ ಫೀನಿಕ್ಸ್ ಎಂಬ ಯೋಜನೆ ಶುರು ಮಾಡಿದರು. ವೇಗವರ್ಧಕದ ಪ್ರಯೋಗಕ್ಕೆ ಬಳಸುವ ಕಂಪ್ಯೂಟರ್ ಅಳತೆಯ ವಿದ್ಯೆಯನ್ನೇ ಕಾಲೇಜು ಲ್ಯಾಬಿಗೆ ಅಗ್ಗವಾಗಿ ಇಳಿಸುವುದು. ಅದರಿಂದ 2011ರಲ್ಲಿ ಎಕ್ಸ್‌ಪೈಸ್ ಎಂಬ ಪುಟ್ಟ ಉಪಕರಣ ಬಂತು, ಮರುವರ್ಷ ಎಕ್ಸ್‌ಪೈಸ್ ಜೂನಿಯರ್, 2017ರಲ್ಲಿ ಎಕ್ಸ್‌ಪೈಸ್-17. ಹಂಚಿಕೊಳ್ಳಲೇಬೇಕಾದ ಯಂತ್ರಕ್ಕಾಗಿ ಕಟ್ಟಿದ ಸಂಸ್ಥೆಯೇ, ಯಾರ ಜೊತೆಗೂ ಹಂಚಿಕೊಳ್ಳಬೇಕಿಲ್ಲದ ಯಂತ್ರವನ್ನೂ ಮಾಡಿತು ನೋಡಿ.

ಎಕ್ಸ್‌ಪೈಸ್-17ರಲ್ಲಿ ನಾಲ್ಕು ಚಾನೆಲ್ಲಿನ ಆಸಿಲೋಸ್ಕೋಪ್ ಇದೆ, ಎರಡರಲ್ಲಿ ±16 ವೋಲ್ಟ್‌ವರೆಗೆ ನೋಡಬಹುದು. 5 ಹರ್ಟ್ಸ್‌ನಿಂದ 5 ಕಿಲೋಹರ್ಟ್ಸ್‌ವರೆಗೆ ಸೈನ್ ವೇವ್ ಕೊಡುತ್ತೆ. ಕೆಪಾಸಿಟರ್ ಅಳೆಯುತ್ತೆ. ವಿನ್ಯಾಸ ಮುಕ್ತ, ಸಾಫ್ಟ್‌ವೇರ್ ಪೈಥಾನ್‌ನಲ್ಲಿದೆ, ಡೆಬಿಯನ್ ರೆಪಾಸಿಟರಿಯಲ್ಲೂ ಸಿಗುತ್ತೆ. ನಮ್ಮಂಥವರಿಗೆ ಇದು ಖುಷಿಯ ಸಂಗತಿ, ವೋಲ್ಟೇಜ್ ಓದೋದು ಅಂದರೆ ಒಂದು ಫಂಕ್ಷನ್ ಕಾಲ್.

ಮಿತಿಗಳೂ ಇವೆ, ವಿಡಿಯೋದಲ್ಲಿ ಇದನ್ನು ಬೇಗ ದಾಟಿಬಿಟ್ಟೆ. ಇದು ಸೆಕೆಂಡಿಗೆ ಹೆಚ್ಚೆಂದರೆ 10 ಲಕ್ಷ ಸ್ಯಾಂಪಲ್ ತೆಗೆದುಕೊಳ್ಳುತ್ತೆ. ಡಿಜಿಲೆಂಟ್‌ನ ಅನಲಾಗ್ ಡಿಸ್ಕವರಿ, ಅನಲಾಗ್ ಡಿವೈಸಸ್‌ನ ಎಡಾಲ್ಮ್2000 ಸೆಕೆಂಡಿಗೆ 10 ಕೋಟಿ ತೆಗೆಯುತ್ತವೆ, ಬೆಲೆಯೂ ಹಾಗೇ ಮೇಲಿದೆ. ಸ್ಯಾಂಪಲ್ ದರದ ಅರ್ಧಕ್ಕಿಂತ ವೇಗದ ಅಲೆ ಕೊಟ್ಟರೆ ಪರದೆಯ ಮೇಲೆ ಇಲ್ಲದ ಅಲೆಯೊಂದು ಕಾಣಿಸಿ ಮೋಸ ಮಾಡುತ್ತೆ. ಅಂದವಾದ ಗೆರೆ ಬೇಕಿದ್ದರೆ ಅದಕ್ಕಿಂತ ಬಹಳ ಕೆಳಗೇ ಇರಬೇಕು. ಇನ್ನೊಂದು ಮಾತು, ಇದನ್ನು ಮಕ್ಕಳಿಗೆ ಮೊದಲ ದಿನವೇ ಹೇಳಿ: ಈ ಡಬ್ಬಿಯ ಗ್ರೌಂಡ್ ಲ್ಯಾಪ್‌ಟಾಪಿನ ಗ್ರೌಂಡ್‌ಗೇ ಸೇರಿರುತ್ತೆ. ಮನೆಯ 230 ವೋಲ್ಟಿನ ಲೈನಿಗೆ ಇದನ್ನು ತಾಗಿಸಲೇಬಾರದು. ಡಬ್ಬಿ, ಲ್ಯಾಪ್‌ಟಾಪ್ ಎರಡೂ ಹೋಗುತ್ತವೆ, ಜೀವಕ್ಕೂ ಅಪಾಯ.

ಈಗ ಗದಗದ ಫೋನಿಗೆ ಬರೋಣ. ಪ್ರಯೋಗ ಆರ್‌ಸಿ ಸರ್ಕ್ಯೂಟ್. 10 ಕಿಲೋ ಓಮ್ ರೆಸಿಸ್ಟರ್, 0.1 ಮೈಕ್ರೋಫ್ಯಾರಡ್ ಕೆಪಾಸಿಟರ್. ಗುಣಿಸಿದರೆ 1 ಮಿಲಿಸೆಕೆಂಡ್. 5 ವೋಲ್ಟ್ ಕೊಟ್ಟರೆ ಅಷ್ಟು ಹೊತ್ತಿಗೆ ಕೆಪಾಸಿಟರ್ 63%, ಅಂದರೆ 3.16 ವೋಲ್ಟ್ ಮುಟ್ಟಬೇಕು. ಇವನದು 0.85ಕ್ಕೇ ಮುಟ್ಟಿತ್ತು.

"ಕೆಪಾಸಿಟರ್ ಮ್ಯಾಲೆ ಏನ್ ಬರದೈತಿ?" ಅಂದೆ.

"104."

"ಅದು ಹೆಸರು ಅಷ್ಟ. ಆ ಅಗ್ಗದ ಸೆರಾಮಿಕ್‌ನಾಗ 20% ಹೆಚ್ಚುಕಮ್ಮಿ ಇರ್ತೈತಿ. ಅಳದು ನೋಡು."

ಐದು ನಿಮಿಷದಲ್ಲಿ ಮತ್ತೆ ಫೋನ್ ಬಂತು. "86 ನ್ಯಾನೋಫ್ಯಾರಡ್ ಐತಿ ಮಾಮಾ!" ಅಂದರೆ 100 ಇರಬೇಕಾದ ಕಡೆ 86. ಲೆಕ್ಕ ಕೂಡಿಬಂತು. ಸುಳ್ಳು ಹೇಳಿದ್ದು ಡಬ್ಬಿ ಅಲ್ಲ.

ಆ ಕ್ಷಣ ನನಗೆ ಸಂತೋಷದ ಜೊತೆ ನಾಚಿಕೆಯೂ ಆಯ್ತು. ನನ್ನ ರೆಕಾರ್ಡಿನಲ್ಲಿ ಎಲ್ಲ ಕೆಪಾಸಿಟರುಗಳೂ ಕರಾರುವಾಕ್ಕಾಗಿದ್ದವು, ಯಾಕಂದರೆ ಒಂದನ್ನೂ ನಾನು ಅಳೆದಿರಲಿಲ್ಲ. ಆರು ಜನಕ್ಕೆ ಒಂದು ಯಂತ್ರ ಇದ್ದಾಗ ಅನುಮಾನ ಪಡೋದಕ್ಕೂ ಸರದಿ ಬರುವುದಿಲ್ಲ. ಉತ್ತರ ತಪ್ಪು ಬಂದರೆ ಮತ್ತೊಮ್ಮೆ ಅಳೆಯುವ ಹೊತ್ತೇ ಇಲ್ಲ, ಪುಸ್ತಕದಲ್ಲಿದ್ದದ್ದನ್ನು ಬರೆದು ಎದ್ದು ಬರಬೇಕು. ಯಂತ್ರ ಮನೆಯ ಮೇಜಿನ ಮೇಲಿದ್ದರೆ, ರಾತ್ರಿ ಹತ್ತು ಗಂಟೆಗೂ "ಯಾಕೆ ಹೀಗೆ ಬಂತು?" ಅಂತ ಕೇಳಬಹುದು.

ಇಲ್ಲಿ ಇರೋರಿಗೆ ರೆಸಿಸ್ಟರ್, ಕೆಪಾಸಿಟರ್ ಎಲ್ಲ ಬುಧವಾರ ಪೇಠೆಯ ತಪಕೀರ್ ಗಲ್ಲಿಯಲ್ಲಿ ಸಿಗುತ್ತೆ, ಬೆಂಗಳೂರಿನವರಿಗೆ ಎಸ್‌ಪಿ ರೋಡ್ ಇದ್ದೇ ಇದೆ. ಡಬ್ಬಿ ಅಂಗೈ ಅಗಲ. ಸ್ವಾರಗೇಟ್‌ನಿಂದ ಊರಿನ ಬಸ್ ಹತ್ತುವಾಗ ಭಾಕರವಡಿ ಪೊಟ್ಟಣದ ಪಕ್ಕದಲ್ಲೇ ಹಿಡಿಸುತ್ತೆ.

ಹುಡುಗ ರೆಕಾರ್ಡಿನಲ್ಲಿ ಎರಡನ್ನೂ ಬರೆದ, ಲೆಕ್ಕದ್ದು 1, ಅಳೆದದ್ದು 0.85. ಮೇಷ್ಟ್ರು 0.85ರ ಸುತ್ತ ಕೆಂಪು ಗೆರೆ ಎಳೆದು ಪ್ರಶ್ನೆ ಚಿಹ್ನೆ ಹಾಕಿದ್ದಾರಂತೆ. ಇವನು ಅದರ ಕೆಳಗೆ "ಕೆಪಾಸಿಟರ್ ಅಳೆದಾಗ 86 ನ್ಯಾನೋಫ್ಯಾರಡ್" ಅಂತ ಬರೆದು ಮತ್ತೆ ಒಪ್ಪಿಸಿದ್ದಾನೆ. ರೆಕಾರ್ಡ್ ಇನ್ನೂ ವಾಪಸ್ ಬಂದಿಲ್ಲ.

ಬಂದ ಮೇಲೆ ಹೇಳ್ತೀನಿ. ಮುಂದಿನ ವಾರ ಸಿಗೋಣ.